ಪುಣೆಯ ಹೋಟೆಲ್‌ನವರಿಗೆ: ಹಸಿ ಕಸದ ಗಾಡಿ ಗೊತ್ತು ಮಾಡಿಕೊಳ್ಳಬಹುದಾ?

ಕರ್ವೆ ರಸ್ತೆ, ಕೋಥ್ರೂಡ್ ಕಡೆ ಉಡುಪಿ ಹೋಟೆಲ್ ನಡೆಸುವ ನಮ್ಮವರು ಕೆಲವರು ಕೇಳುತ್ತಿದ್ದರು, ಅದಕ್ಕೇ ಬರೆಯುತ್ತಿದ್ದೇನೆ. ನಮ್ಮ ಹಸಿ ಕಸವನ್ನು ಈಗ ಒಂದು ಖಾಸಗಿ ಗಾಡಿಯವರು ದಿನಾ ಒಯ್ಯುತ್ತಾರೆ. ಅದು ಬಯೋಗ್ಯಾಸ್ ಪ್ಲಾಂಟಿಗೆ ಹೋಗುತ್ತದೆ, ಅಲ್ಲಿ ಬಸ್ಸು ಓಡಿಸಬಲ್ಲ ಗ್ಯಾಸ್ ಆಗುತ್ತದೆ. ಪುಕ್ಕಟೆ ಅಲ್ಲ, ತಿಂಗಳಿಗೆ ದುಡ್ಡು ಕೊಡಬೇಕು. ಆದರೂ ಗೊತ್ತು ಮಾಡಿಕೊಳ್ಳಿ ಅಂತಲೇ ನನ್ನ ಮಾತು.

ಇವರಲ್ಲಿ ನನಗೆ ತುಂಬಾ ಹಿಡಿಸಿದ್ದು ಕಟ್ಟುನಿಟ್ಟು. ಎಂಜಲು ಅನ್ನ, ಸಾಂಬಾರು, ತರಕಾರಿ ಸಿಪ್ಪೆ, ಹುಳಿ ಜಾಸ್ತಿಯಾದ ದೋಸೆ ಹಿಟ್ಟು, ಕಾಫಿ ಚರಟ ಎಲ್ಲ ನಡೆಯುತ್ತದೆ. ತೆಂಗಿನ ಚಿಪ್ಪು, ಹಾಲಿನ ಪ್ಯಾಕೆಟ್ಟಿನ ಚೂರು, ಟಿಶ್ಯೂ ಸಿಕ್ಕಿದರೆ ಆ ಡ್ರಮ್ಮನ್ನು ಅಲ್ಲೇ ಬಿಟ್ಟು ಹೋಗುತ್ತಾರೆ. ಮೊದಮೊದಲು ತಟ್ಟೆ ತೊಳೆಯುವ ಹುಡುಗರಿಗೆ ಸಿಟ್ಟು ಬಂತು. ಮಧ್ಯಾಹ್ನದ ಗಡಿಬಿಡಿಯಲ್ಲಿ ತಟ್ಟೆ ಕೊಡವುತ್ತಾ ಒಂದೊಂದೇ ಟಿಶ್ಯೂ ಹೆಕ್ಕುವುದು ಸುಲಭ ಅಲ್ಲ, ಅಲ್ವಾ? ಟೇಬಲ್ ಒರೆಸುವ ಹುಡುಗನೇ ಅದನ್ನು ಬೇರೆ ಮಾಡಿ ತರುವ ಹಾಗೆ ಮಾಡಿದ ಮೇಲೆ ಸರಿಹೋಯಿತು.

ಈ ಹಟಕ್ಕೆ ಕಾರಣ ಇದೆ. ಪ್ಲಾಂಟಿನಲ್ಲಿ ಕಸ ಅರೆದು, ಗಾಳಿ ಆಡದ ಟ್ಯಾಂಕಿನಲ್ಲಿ ಕೊಳೆಸುತ್ತಾರೆ. ಪ್ಲಾಸ್ಟಿಕ್ ಹೋದರೆ ಪಂಪು ಕಟ್ಟಿಕೊಳ್ಳುತ್ತದೆ, ನಿಂಬೆ ಸಿಪ್ಪೆ ಜಾಸ್ತಿಯಾದರೆ ಗ್ಯಾಸೇ ಕಮ್ಮಿ ಬರುತ್ತದೆ. ಬಂದ ಗ್ಯಾಸಿನಿಂದ ಕಾರ್ಬನ್ ಡೈಆಕ್ಸೈಡು, ನಾತದ ಹೈಡ್ರೋಜನ್ ಸಲ್ಫೈಡು ತೆಗೆದು, ಉರಿಯುವ ಭಾಗವಾದ ಮೀಥೇನ್ ಶೇ 90ಕ್ಕಿಂತ ಮೇಲೆ ತಂದು ಒತ್ತಿ ತುಂಬುತ್ತಾರೆ. ಆಮೇಲೆ ಅದೂ ಸಿಎನ್‌ಜಿಯೂ ಬಸ್ಸಿನ ಎಂಜಿನ್‌ಗೆ ಒಂದೇ. ಪುಣೆಯ ಸಿಟಿ ಬಸ್ ಕಂಪನಿ ಪಿಎಂಪಿಎಂಎಲ್‌ನಲ್ಲಿ ಸಿಎನ್‌ಜಿ ಬಸ್ಸುಗಳು ನೂರಾರು ಇವೆ, ಒಂದು ನಟ್ಟೂ ಬದಲಿಸದೆ ಇದರಲ್ಲಿ ಓಡಿಸಬಹುದು.

ಇಂದೋರಿನಲ್ಲಿ 2022ರ ಫೆಬ್ರವರಿಯಲ್ಲಿ ಶುರುವಾದ ಪ್ಲಾಂಟನ್ನು ದಿನಕ್ಕೆ 550 ಟನ್ ಹಸಿ ಕಸದಿಂದ 17,000 ಕೆಜಿ ಗ್ಯಾಸ್ ತೆಗೆಯಲಿಕ್ಕೆ ಕಟ್ಟಿದ್ದಾರೆ, ಅದರಲ್ಲಿ ಅರ್ಧವಾದರೂ ಅಲ್ಲಿನ ಸಿಟಿ ಬಸ್ಸುಗಳಿಗೆ ಅಂತ. ಅಂದರೆ ಟನ್ನಿಗೆ ಸುಮಾರು 30 ಕೆಜಿ. ಪುಣೆಯಲ್ಲಿ ಹೋಟೆಲುಗಳಿಗೇನು ಬರವಾ? ಇದೇ ಕಸ ಪುಣೆಯ ಕಸ ಸುರಿದ ಫುರಸುಂಗಿ, ಉರುಳಿ ದೇವಾಚಿಯಂಥ ಊರುಗಳ ರಾಶಿಯಲ್ಲಿ ಕೊಳೆತರೆ ಅದೇ ಮೀಥೇನ್ ಸುಮ್ನೆ ಗಾಳಿಗೆ ಹೋಗುತ್ತದೆ. ಆ ಊರಿನವರು ವರ್ಷಗಟ್ಟಲೆ ನಾತ ಕುಡಿದು, ಕೊನೆಗೆ ರಸ್ತೆಗೆ ಇಳಿದು ಕಸದ ಲಾರಿ ತಡೆದರು. ನಮ್ಮ ಎಂಜಲನ್ನು ಅವರ ಬಾಗಿಲಿಗೆ ಸುರಿಯುವ ಹಕ್ಕು ನಮಗಿಲ್ಲ.

ಕೊರತೆಗಳೂ ಇವೆ. ಮಳೆಗಾಲದಲ್ಲಿ ಗಾಡಿ ತಡ, ಒಮ್ಮೊಮ್ಮೆ ಸಂಜೆಯ ತನಕ ಡ್ರಮ್ ಹಿತ್ತಲಲ್ಲೇ. ಮುಚ್ಚಳ ಸಡಿಲ, ನೊಣ. ಅದಕ್ಕಿಂತ ದೊಡ್ಡದು, ಎಷ್ಟು ಕೆಜಿ ಒಯ್ದೆವು ಅಂತ ಚೀಟಿ ಕೊಡುತ್ತಾರೆ, ಗ್ಯಾಸ್ ಯಾರಿಗೆ ಮಾರಿದಿರಿ ಅಂದರೆ ಸರಿ ಉತ್ತರ ಇಲ್ಲ. ಕಾರ್ಖಾನೆಯ ಬಾಯ್ಲರಿಗೂ ಹೋಗಬಹುದು. ನನಗೆ ಅದು ಬಸ್ಸಿಗೇ ಹೋಗಬೇಕು, ಏಕೆಂದರೆ ನಮ್ಮ ಭಟ್ಟರು, ಹುಡುಗರು, ಅರ್ಧ ಗಿರಾಕಿಗಳು ಓಡಾಡುವುದು ಬಸ್ಸಿನಲ್ಲೇ, ಡೀಸೆಲ್ ಹೊಗೆ ಕುಡಿಯುವವರೂ ಸ್ಟಾಪಿನಲ್ಲಿ ನಿಂತ ಅವರೇ. 2025-26ರಿಂದ ಸಿಎನ್‌ಜಿ ಮಾರುವ ಕಂಪನಿಗಳು ಶೇ 1ರಷ್ಟು ಬಯೋಗ್ಯಾಸ್ ಸೇರಿಸಬೇಕು, 2028-29ಕ್ಕೆ ಅದು ಶೇ 5 ಆಗಬೇಕು ಅಂತ ಕೇಂದ್ರ ಸರ್ಕಾರ ಹೇಳಿದೆ. ಹಾಗಾಗಿ ಕೊಳ್ಳುವವರಿಲ್ಲ ಅನ್ನುವ ಮಾತು ನಡೆಯುವುದಿಲ್ಲ.

ಕರಾರು ಮಾಡುವಾಗ ಎರಡು ಡ್ರಮ್ ಜಾಸ್ತಿ ಕೇಳಿ, ಮುಚ್ಚಳ ಬಿಗಿ ಇದೆಯಾ ನೋಡಿ. ಗ್ಯಾಸ್ ಎಲ್ಲಿಗೆ ಹೋಗುತ್ತದೆ ಅನ್ನುವುದನ್ನು ಬರೆಸಿಕೊಳ್ಳಿ. ಒಬ್ಬರು ಕೇಳಿದರೆ ತಳ್ಳಿಹಾಕುತ್ತಾರೆ, ಒಂದೇ ರಸ್ತೆಯ ಏಳೆಂಟು ಹೋಟೆಲಿನವರು ಒಟ್ಟಿಗೆ ಕೂತು ಕೇಳಿದರೆ ಕೊಡಲೇಬೇಕಾಗುತ್ತದೆ.