"ಸ್ವಲ್ಪ ರಿಪೇರಿ ಅಷ್ಟೇ" ಅಂತ ಹಳೆ ಹಾಯಿದೋಣಿ ತೋರಿಸಿದರೆ ಹುಷಾರು

ಉಡುಪಿ, ಮಂಗಳೂರು ಕಡೆ ಆಗೊಮ್ಮೆ ಈಗೊಮ್ಮೆ ಹಳೆ ಹಾಯಿದೋಣಿಯ ಫೋಟೋ ವಾಟ್ಸಾಪ್‌ನಲ್ಲಿ ತಿರುಗುತ್ತದೆ. ಬಿಳಿ ಬಣ್ಣ, ನೀಲಿ ಪಟ್ಟಿ, ಹಿಂದೆ ಹೊಳೆ, ತೆಂಗಿನ ತೋಟ. ಕೆಳಗೆ ಒಂದು ಸಾಲು: "ಸ್ವಲ್ಪ ರಿಪೇರಿ ಅಷ್ಟೇ, ಅರ್ಜೆಂಟ್ ಸೇಲ್." ಬೆಲೆ ಒಂದು ಹಳೆ ಕಾರಿನಷ್ಟು. ನಾನೂ ನನ್ನ ಭಾವನೂ ಅಂಥದ್ದೊಂದನ್ನು ತಗೊಂಡು ಪಟ್ಟ ಪಾಡನ್ನು ಇಲ್ಲಿ ಬರೆಯುತ್ತಿದ್ದೇನೆ. ದುಡ್ಡು ಕೊಡುವ ಮೊದಲು ಓದಿ. ಮುಂಗಡ ಕೊಟ್ಟಾಗಿದ್ದರೂ ಓದಿ, ಬಾಕಿಯಾದರೂ ಉಳಿದೀತು.

ದೋಣಿ 24 ಅಡಿಯದ್ದು, ಫೈಬರ್. ಒಳಗೆ ಇಬ್ಬರು ಮಲಗುವಷ್ಟು ಸಣ್ಣ ಕ್ಯಾಬಿನ್. ಗೋವಾದಿಂದ ಬಂದದ್ದಂತೆ, ಕೈಯಿಂದ ಕೈಗೆ ದಾಟಿ ಕೊನೆಗೆ ಕೆಮ್ಮಣ್ಣು ಕಡೆ ಹೊಳೆಬದಿಯ ತೋಟವೊಂದರಲ್ಲಿ ಮರದ ಕಂಬಗಳ ಆಸರೆಯಲ್ಲಿ ನಿಂತಿತ್ತು. ಭಾವ ಹಡಗಿನಲ್ಲಿ ಕೆಲಸ ಮಾಡುವವರು, ರಜೆಗೆ ಬಂದಾಗ ಹೊಳೆಯಲ್ಲಿ ಹಾಯಿ ಬಿಚ್ಚಿ ಹೋಗಬೇಕು ಅಂತ ತುಂಬಾ ವರ್ಷದ ಆಸೆ. ಬ್ರೋಕರ್ ಭಾರಿ ನಯದ ಮನುಷ್ಯ. ಎಳನೀರು ಕೊಡಿಸಿದ, ಸುತ್ತ ತೋರಿಸಿದ, "ಡೆಕ್‌ಗೆ ಈಗಷ್ಟೇ ಪೇಂಟ್ ಮಾಡಿಸಿದ್ದೇವೆ, ನಿಮಗೆ ಆ ಖರ್ಚು ಉಳಿಯಿತು" ಅಂದ.

ಆ ಹೊಸ ಪೇಂಟಿನ ಅಡಿಯಲ್ಲೇ ಎಲ್ಲ ಇದ್ದದ್ದು. ಹಾಯಿದೋಣಿಯ ಡೆಕ್, ಅಂದರೆ ನಾವು ನಡೆದಾಡುವ ಮೇಲ್ಭಾಗ, ಒಂದೇ ದಪ್ಪ ಫೈಬರ್ ಅಲ್ಲ. ಮೇಲೊಂದು ತೆಳು ಪದರ, ಕೆಳಗೊಂದು ತೆಳು ಪದರ, ನಡುವೆ ಬಾಲ್ಸಾ ಅನ್ನುವ ಹಗುರ ಮರದ ತುಂಡುಗಳು. ಕೆಲವದರಲ್ಲಿ ಪ್ಲೈವುಡ್ ಅಥವಾ ಫೋಮ್ ಇರುತ್ತದೆ. ಮೇಲೆ ಭಾರ ಆಗಬಾರದು, ಆದರೂ ಗಟ್ಟಿ ಇರಬೇಕು, ಅದಕ್ಕೆ ಹೀಗೆ. ಮೂರೂ ಒಂದಕ್ಕೊಂದು ಅಂಟಿಕೊಂಡಿರುವ ತನಕ ಮಾತ್ರ ಬಲ. ಆದರೆ ಡೆಕ್ ಮೇಲೆ ಕಂಬಿ, ಹಗ್ಗ ಸುತ್ತಿ ಕಟ್ಟುವ ಕ್ಲೀಟ್, ಹಗ್ಗ ಬಿಗಿದು ಎಳೆಯುವ ವಿಂಚ್ ಅಂತ ಎಷ್ಟೋ ಸಾಮಾನು ಬೋಲ್ಟ್ ಹಾಕಿ ಕೂರಿಸಿರುತ್ತಾರೆ, ಆ ತೂತುಗಳ ಸೀಲಂಟ್ ಬಿಸಿಲಿಗೆ ಒಣಗಿ ಬಿರುಕು ಬಿಟ್ಟರೆ ಸಾಕು, ಮಳೆನೀರು ನೇರ ಬಾಲ್ಸಾದೊಳಗೆ ಇಳಿಯುತ್ತದೆ, ಇಳಿದದ್ದು ಹೊರಗೆ ಬರೋಕೆ ದಾರಿಯೇ ಇಲ್ಲ. ನಮ್ಮ ಕರಾವಳಿಯಲ್ಲಿ ವರ್ಷಕ್ಕೆ 3500 ಮಿಲಿಮೀಟರಿಗೂ ಜಾಸ್ತಿ ಮಳೆ. ಟರ್ಪಾಲು ಕೂಡ ಇಲ್ಲದೆ ಮಳೆಗಾಲ ಕಳೆದ ದೋಣಿಯ ಡೆಕ್ ಒಳಗೆ ಒಣಗಿರುತ್ತದೆ ಅಂತ ಯಾರಾದರೂ ಹೇಳಿದರೆ ನಗಬೇಕು.

ನೋಡುವ ವಿಧಾನ ಸುಲಭ. ಸಣ್ಣ ಸುತ್ತಿಗೆಯೋ ಸ್ಕ್ರೂಡ್ರೈವರ್ ಹಿಡಿಯೋ ತಗೊಂಡು ಡೆಕ್ ಪೂರ್ತಿ ಗೇಣು ಗೇಣಿಗೆ ತಟ್ಟುತ್ತಾ ಹೋಗಿ. ಗಟ್ಟಿ ಇದ್ದಲ್ಲಿ ಟಣ್ ಟಣ್ ಅನ್ನುತ್ತದೆ. ಒಳಗೆ ಕೊಳೆತಿದ್ದರೆ ಡಬ್ ಡಬ್. ಬರಿಗಾಲಲ್ಲಿ ನಡೆದರೂ ಗೊತ್ತಾಗುತ್ತದೆ, ಮೆತ್ತಗೆ ತಗ್ಗುತ್ತದೆ. ಭಾವ ಸುತ್ತಿಗೆ ತಂದಿದ್ದರು. ನಾಲ್ಕು ಕಡೆ ತಟ್ಟುವಷ್ಟರಲ್ಲಿ ಬ್ರೋಕರ್ "ಪೇಂಟ್ ಏಳುತ್ತದೆ ಸಾರ್" ಅಂತ ಅಡ್ಡ ಬಂದ. ಒಂದು ಕ್ಲೀಟ್ ಬಿಚ್ಚಿ ನೋಡೋಣ ಅಂದರೆ, "ದುಡ್ಡು ಪೂರ್ತಿ ಆಗಲಿ, ಆಮೇಲೆ ಎಂತ ಬೇಕಾದರೂ ಬಿಚ್ಚಿ. ಸಂಜೆ ಇನ್ನೊಂದು ಪಾರ್ಟಿ ಬರುತ್ತಿದೆ." ಒಂದು ಬೋಲ್ಟ್ ಬಿಚ್ಚೋಕೆ ಬಿಡದವನ ಹತ್ತಿರ ವ್ಯಾಪಾರ ಬೇಡ. ಆ ಇನ್ನೊಂದು ಪಾರ್ಟಿಗೇ ಹೋಗಲಿ ಬಿಡಿ.

ನಾವು ಮಾತ್ರ ದುಡ್ಡು ಕೊಟ್ಟುಬಿಟ್ಟೆವು. ಆಮೇಲೆ ಮೊದಲು ಬಿಚ್ಚಿದ್ದು ಅದೇ ಕ್ಲೀಟ್. ನಟ್ ಸಡಿಲ ಮಾಡಿದ ಕೂಡಲೇ ತೂತಿನಿಂದ ಚಹಾ ಬಣ್ಣದ ನೀರು ಕ್ಯಾಬಿನ್ ಒಳಗೆ ತೊಟ್ಟಿಕ್ಕಿತು. ನಿಲ್ಲಲೇ ಇಲ್ಲ, ಕೆಳಗೆ ಬಾಟಲಿ ಇಟ್ಟೆವು. ಆಮೇಲೆ ಗ್ರೈಂಡರ್ ಹಿಡಿದು ಅಂಗೈ ಅಗಲದ ಚೌಕ ಕತ್ತರಿಸಿದರೆ, ಪೇಂಟಿನ ಅಡಿಯಲ್ಲಿ ಹೊಸದಾಗಿ ಹಾಕಿದ ಎರಡು ಪದರ ಫೈಬರ್ ಮ್ಯಾಟ್ (ಗಾಜಿನ ಎಳೆಗಳ ಹಾಸು), ಅದರ ಕೆಳಗೆ ಹಳೆ ಡೆಕ್, ಅದರ ಕೆಳಗೆ ಬಾಲ್ಸಾ ಇರಬೇಕಾದಲ್ಲಿ ನೆನೆದ ರಸ್ಕ್‌ನಂಥ ಕಪ್ಪು ಮುದ್ದೆ. ಬೆರಳಲ್ಲೇ ತೋಡಿ ತೆಗೆಯಬಹುದಿತ್ತು. ಹುಳಿ ನಾತ ಬೇರೆ. ಮಾರುವವರಿಗೆ ಗೊತ್ತಿತ್ತು ಅನ್ನೋಕೆ ಇನ್ನೇನು ಸಾಕ್ಷಿ ಬೇಕು? ಗೊತ್ತಿಲ್ಲದೆ ಯಾರೂ ಡೆಕ್ ಮೇಲೆ ಎರಡು ಪದರ ಮ್ಯಾಟ್ ಹೊದಿಸುವುದಿಲ್ಲ.

ಮಲ್ಪೆಯ ಒಂದು ಯಾರ್ಡಿನಲ್ಲಿ ತುಂಬಾ ವರ್ಷದಿಂದ ಫೈಬರ್ ಕೆಲಸ ಮಾಡುವ ಹಿರಿಯರೊಬ್ಬರನ್ನು ಕರೆದುಕೊಂಡು ಬಂದೆವು. ಅವರು ಅರ್ಧ ಗಂಟೆ ಸುಮ್ಮನೆ ತಟ್ಟಿ, ಮುಟ್ಟಿ ನೋಡಿ ಹೇಳಿದ್ದು: "ನಮ್ಮ ಮೀನಿನ ದೋಣಿ ಆದರೆ ಇನ್ನೆರಡು ಮ್ಯಾಟ್ ಹಾಕಿ ಕೊಡುತ್ತಿದ್ದೆ ಮಾರಾಯ್ರೆ. ಇದಕ್ಕೆ ಹಾಗೆ ಮಾಡಿದ್ದರಿಂದಲೇ ಇದು ಹೀಗಾದದ್ದು." ಎಷ್ಟು ಸರಿಯಾದ ಮಾತು! ನಮ್ಮಲ್ಲಿ ಫೈಬರ್ ಕೆಲಸದವರಿಗೆ ಬರ ಇಲ್ಲ, ಕೈಕೆಲಸವೂ ಅಚ್ಚುಕಟ್ಟು. ಆದರೆ ನಮ್ಮ ನಾಡದೋಣಿಯಲ್ಲಿ ಬಲ ಬರುವುದು ದಪ್ಪದಿಂದ. ಹಾಯಿದೋಣಿಯಲ್ಲಿ ಮೇಲ್ಗಡೆ ದಪ್ಪ ಜಾಸ್ತಿ ಆದರೆ ಭಾರವೂ ಜಾಸ್ತಿ, ಗಾಳಿಗೆ ಅದು ಇನ್ನೂ ವಾಲುತ್ತದೆ. ಮೇಲಿಂದ ಮುಚ್ಚಿದರೆ ನೀರು ಒಳಗೇ ಉಳಿದು ಇನ್ನಷ್ಟು ದೂರ ಹರಡುತ್ತದೆ.

ಸರಿಯಾದ ಕೆಲಸ ಅಂದರೆ ಮೇಲಿನ ಪದರ ಕತ್ತರಿಸಿ ಎತ್ತಬೇಕು, ಕೊಳೆತದ್ದನ್ನೆಲ್ಲ ಕೆರೆದು ತೆಗೆಯಬೇಕು, ಪೂರ್ತಿ ಒಣಗಿಸಬೇಕು, ಹೊಸ ಬಾಲ್ಸಾನೋ ಫೋಮೋ ಕೂರಿಸಿ ಮತ್ತೆ ಮುಚ್ಚಬೇಕು. ಫೈಬರ್ ಅಂಟಿಸುವ ದ್ರವಕ್ಕೆ ರೆಸಿನ್ ಅನ್ನುತ್ತಾರೆ. ಹಳೆ ಫೈಬರಿಗೆ ಎಪಾಕ್ಸಿ ಅನ್ನುವ ರೆಸಿನ್ ಹಿಡಿಯುವಷ್ಟು ಚೆನ್ನಾಗಿ ಅಂಗಡಿಯ ಮಾಮೂಲಿ ಪಾಲಿಯೆಸ್ಟರ್ ರೆಸಿನ್ ಹಿಡಿಯುವುದಿಲ್ಲ. ಎಪಾಕ್ಸಿ ತಂದು ಮಾಮೂಲಿ ಮ್ಯಾಟ್ ಜೊತೆ ಬಳಸಿದರೂ ಸರಿಯಾಗಲ್ಲ, ಯಾಕೆಂದರೆ ಆ ಮ್ಯಾಟಿನ ಎಳೆಗಳನ್ನು ಹಿಡಿದಿಡುವ ಅಂಟು ಪಾಲಿಯೆಸ್ಟರಿನಲ್ಲಿ ಕರಗೋಕೆ ಮಾಡಿದ್ದು. ಎಪಾಕ್ಸಿಗೆ ನೇಯ್ದ ಫೈಬರ್ ಬಟ್ಟೆಯೇ ಬೇಕು. ಇದನ್ನು ಮಳೆಗಾಲದಲ್ಲಿ ಶೆಡ್ ಇಲ್ಲದೆ ಮಾಡೋಕೆ ಆಗಲ್ಲ, ಗಾಳಿಯಲ್ಲೇ ಅಷ್ಟು ತೇವ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ ಇರುವುದರಿಂದ ಎಲ್ಲರ ಬೋಟೂ ಆಗಲೇ ರಿಪೇರಿಗೆ ಬರುತ್ತದೆ. ಹೊಟ್ಟೆಪಾಡಿನ ಬೋಟ್ ಬಿಟ್ಟು ನಿಮ್ಮ ಶೋಕಿಯ ದೋಣಿಗೆ ಯಾರು ಬರುತ್ತಾರೆ? ಬರಲೂಬಾರದು.

ಇಷ್ಟಾದರೂ ಭಾವ ಬಿಡುವವರಲ್ಲ. ಡೆಕ್ ತಾನೇ, ವರ್ಷ ಹೋದರೆ ಹೋಗಲಿ ಅಂದರು. ಆಸೆ ಬಿಡಿಸಿದ್ದು ಚೈನ್‌ಪ್ಲೇಟ್.

ಹಾಯಿಯ ಕಂಬ, ಅಂದರೆ ಮಾಸ್ಟ್, ತನ್ನಷ್ಟಕ್ಕೆ ನಿಲ್ಲುವುದಿಲ್ಲ. ಎರಡೂ ಬದಿಯಿಂದ ಸ್ಟೀಲ್ ತಂತಿಗಳು ಎಳೆದು ಹಿಡಿದಿರುತ್ತವೆ. ಆ ತಂತಿ ದೋಣಿಗೆ ಸೇರುವ ಸ್ಟೀಲ್ ಪಟ್ಟಿಯೇ ಚೈನ್‌ಪ್ಲೇಟ್. ನಮ್ಮದರಲ್ಲಿ ಅದು ಡೆಕ್ ತೂರಿಕೊಂಡು ಕೆಳಗಿಳಿದು ಕ್ಯಾಬಿನ್ನಿನ ಪ್ಲೈವುಡ್ ಅಡ್ಡಗೋಡೆಗೆ ಬೋಲ್ಟ್ ಆಗಿತ್ತು. ಹೊರಗಿಂದ ಪಳಪಳ. ಸ್ಟೇನ್‌ಲೆಸ್ ಸ್ಟೀಲಿಗೆ ತುಕ್ಕು ಹಿಡಿಯಲ್ಲ ಅಂತ ನಾವೆಲ್ಲ ಅಂದುಕೊಂಡಿರುತ್ತೇವೆ ಅಲ್ವಾ, ಅದು ಗಾಳಿ ತಾಗುವ ತನಕ ಮಾತ್ರ. ಗಾಳಿ ಸಿಗದ ಸಂದಿಯಲ್ಲಿ ಉಪ್ಪುನೀರು ನಿಂತರೆ ಅದರ ರಕ್ಷಣೆಯ ತೆಳು ಪದರ ಉಳಿಯುವುದಿಲ್ಲ, ಒಳಗೊಳಗೇ ತಿನ್ನುತ್ತದೆ. ಬಿಚ್ಚಿ ನೋಡಿದರೆ ಡೆಕ್ ದಪ್ಪದೊಳಗೆ ಅಡಗಿದ್ದ ಭಾಗದಲ್ಲಿ ಕಂದು ಗುಳಿಗಳು, ಒಂದು ಕಡೆ ಕೂದಲೆಳೆಯ ಬಿರುಕು ಅರ್ಧ ಅಗಲದ ತನಕ. ಅಡ್ಡಗೋಡೆಯ ಪ್ಲೈವುಡ್ಡಿಗೆ ಸ್ಕ್ರೂಡ್ರೈವರ್ ಒತ್ತಿದರೆ ಹಿಡಿಯ ತನಕ ಹೋಯಿತು. ಅಳಿವೆ ಬಾಗಿಲಲ್ಲಿ ಮಧ್ಯಾಹ್ನದ ಗಾಳಿಗೆ ಹಾಯಿ ಬಿಚ್ಚಿದ್ದರೆ ಮಾಸ್ಟ್ ಯಾರ ತಲೆ ಮೇಲೆ ಬೀಳುತ್ತಿತ್ತೋ.

ತಂತಿಗಳನ್ನೂ 10ರಿಂದ 15 ವರ್ಷಕ್ಕೆ ಬದಲಾಯಿಸಬೇಕು ಅನ್ನುತ್ತಾರೆ, ನಮ್ಮಂಥ ಉಪ್ಪು ಗಾಳಿಯಲ್ಲಿ ಇನ್ನೂ ಬೇಗ. ಒಂದು ಎಳೆ ಕಡಿದು ಮುಳ್ಳಿನ ಹಾಗೆ ಹೊರಗೆ ಬಂದಿದ್ದರೂ ಅದು ಮುಗಿದ ತಂತಿ.

ಇಂಜಿನ್ ಬಗ್ಗೆ ಜಾಸ್ತಿ ಹೇಳಲ್ಲ. "ಬ್ಯಾಟರಿ ಇಲ್ಲ, ಬಾಕಿ ಎಲ್ಲ ಸರಿ" ಅಂದಿದ್ದರು. ಸ್ಪ್ಯಾನರ್ ಹಾಕಿ ತಿರುಗಿಸಿದರೆ ಅಲ್ಲಾಡಲಿಲ್ಲ, ಜಾಮ್.

ಇನ್ನು ಅಡಿಭಾಗದ ಗುಳ್ಳೆ. ಬಹಳ ಜನ ಅದನ್ನು ನೋಡಿಯೇ ಹೆದರಿ ವಾಪಸ್ ಬರುತ್ತಾರೆ. ನೀರು ಜೆಲ್‌ಕೋಟ್ ಅನ್ನುವ ಹೊರಗಿನ ನುಣುಪು ಪದರ ದಾಟಿ ಒಳಗೆ ಹೋಗಿ ಏಳುವ ಗುಳ್ಳೆ ಅದು, ಚುಚ್ಚಿದರೆ ವಿನೆಗರ್ ವಾಸನೆಯ ನೀರು ಬರುತ್ತದೆ. ನೋಡೋಕೆ ಅಸಹ್ಯ, ಆದರೆ ಅಲ್ಲೊಂದು ಇಲ್ಲೊಂದು ಗುಳ್ಳೆಯಿಂದ ದೋಣಿ ಮುಳುಗುವುದಿಲ್ಲ. ಅದಕ್ಕಿಂತ ಅಡಿಯ ಭಾರದ ಕೀಲ್ ದೋಣಿಗೆ ಸೇರುವ ಗೆರೆ ನೋಡಿ. ಅಲ್ಲಿ ಮುಂಭಾಗದಲ್ಲಿ ಬಾಯಿ ಬಿಟ್ಟಿದ್ದರೆ, ತುಕ್ಕಿನ ನೀರು ಇಳಿದ ಗುರುತಿದ್ದರೆ, ಒಳಗಿನ ಬೋಲ್ಟ್‌ಗಳ ಮೇಲೆ ಅನುಮಾನ ಪಡಬೇಕು.

ಅಂದಾಜು ಬರೆಸಿದಾಗ ದೋಣಿಗೆ ಕೊಟ್ಟದ್ದರ ಮೂರು ಪಟ್ಟಿಗಿಂತ ಜಾಸ್ತಿ ಬಂತು. ಅದರಲ್ಲಿ ನಮ್ಮ ತಲೆ ತಿಂದ ಡೆಕ್ ಕೆಲಸ ಕಾಲು ಭಾಗವೂ ಇಲ್ಲ. ಹಾಯಿ, ತಂತಿ, ಇಂಜಿನ್, ವೈರಿಂಗ್, ಪೇಂಟ್, ಕ್ರೇನು, ಲಾರಿ, ಇವೇ ತಿನ್ನುವುದು. ಹಾಯಿ, ತಂತಿ ಇಲ್ಲಿ ಅಂಗಡಿಯಲ್ಲಿ ಸಿಗುವ ಸಾಮಾನಲ್ಲ, ಹೊರಗಿಂದ ತರಿಸಬೇಕು. ತೋಟದಿಂದ ಹೊರಗೆ ತರುವುದೇ ಒಂದು ಯುದ್ಧ, ಓಣಿಯಲ್ಲಿ ಎರಡೂ ಬದಿ ಕಂಪೌಂಡು, ಮೇಲೆ ಕರೆಂಟ್ ತಂತಿ. ಅದಕ್ಕೆ ಕೊಳ್ಳುವ ಬೆಲೆ ಪಕ್ಕಕ್ಕಿಡಿ. ದೋಣಿ ಪುಕ್ಕಟೆ ಕೊಟ್ಟರೂ ಬಾಕಿ ಖರ್ಚು ಹಾಕುತ್ತೀರಾ ಅಂತ ಲೆಕ್ಕ ಮಾಡಿ.

ಹಳೆ ದೋಣಿ ಎಲ್ಲವೂ ಬೇಡ ಅಂತಲ್ಲ. ಹದಿನಾಲ್ಕು ಅಡಿ ಒಳಗಿನ ಸಣ್ಣ ದೋಣಿ, ಇಂಜಿನ್ ಇಲ್ಲ, ಕ್ಯಾಬಿನ್ ಇಲ್ಲ, ನಡುವೆ ಬಾಲ್ಸಾ ತುಂಬದ ಗಟ್ಟಿ ಫೈಬರ್ ಅಂತಾದರೆ ಬಿರುಕಿದ್ದರೂ ತಗೊಳ್ಳಿ, ನಮ್ಮ ಯಾರ್ಡಿನವರು ಚಂದ ಮಾಡಿ ಕೊಡುತ್ತಾರೆ. ಮರದ್ದಾದರೆ ಹಲಗೆ ಒಂದೊಂದಾಗಿ ಬದಲಾಯಿಸಬಹುದು, ಆದರೆ ಕಬ್ಬಿಣದ ಮೊಳೆ ಹೊಡೆದಲ್ಲೆಲ್ಲ ಚಾಕು ಚುಚ್ಚಿ ನೋಡಿ, ತುಕ್ಕು ಹಿಡಿದ ಮೊಳೆ ಸುತ್ತಲಿನ ಮರವನ್ನೂ ಕೆಡಿಸುತ್ತದೆ. ಉಪ್ಪುನೀರಲ್ಲಿ ತುಂಬಾ ದಿನ ಬಿದ್ದದ್ದಾದರೆ ಮರ ಕೊರೆಯುವ ಹುಳು ಇನ್ನೂ ಮೋಸ, ಹೊರಗೆ ಸೂಜಿ ತೂತು, ಒಳಗೆ ಬೆರಳು ಹೋಗುವ ಸುರಂಗ. ಹಿಂದಿನವರು ಸುಮ್ನೆ ಮೀನೆಣ್ಣೆ, ಗೇರೆಣ್ಣೆ ಬಳಿಯುತ್ತಿರಲಿಲ್ಲ.

ಕಾಗದಪತ್ರ ಇಲ್ಲದ್ದು ಬೇಡವೇ ಬೇಡ. "ಆಮೇಲೆ ಮಾಡಿಸಿ ಕೊಡುತ್ತೇನೆ" ಅಂದ ಬ್ರೋಕರ್ ಈಗ ಫೋನ್ ಎತ್ತುವುದಿಲ್ಲ. ನೀರಲ್ಲಿ ಕರಾವಳಿ ಕಾವಲು ಪೊಲೀಸರು ನಿಲ್ಲಿಸಿ ಕೇಳಿದರೆ ಉತ್ತರ ಕೊಡಬೇಕಾದ್ದು ನೀವು.

ನಮ್ಮ ದೋಣಿ ಇನ್ನೂ ಅದೇ ತೋಟದಲ್ಲಿದೆ, ತೋಟದವರು ತಿಂಗಳು ತಿಂಗಳು ಜಾಗ ಖಾಲಿ ಮಾಡಿ ಅನ್ನುತ್ತಿದ್ದಾರೆ. ಗುಜರಿಯವರು ಇಂಜಿನ್ನು, ಕೀಲಿನ ಕಬ್ಬಿಣ ತೂಕಕ್ಕೆ ತಗೊಳ್ಳುತ್ತೇವೆ ಅಂದರು, ಫೈಬರ್ ಮುಟ್ಟಲ್ಲ ಅಂದರು. ಅದನ್ನು ಕತ್ತರಿಸಿ ಎಲ್ಲಿಗೆ ಹಾಕುವುದು ಅಂತ ಇನ್ನೂ ಗೊತ್ತಾಗಿಲ್ಲ. ಅಲ್ಯುಮಿನಿಯಂ ಮಾಸ್ಟ್ ನೇರ ಇದೆ, ಎರಡು ವಿಂಚ್ ಎಣ್ಣೆ ಹಾಕಿದ ಮೇಲೆ ಚೆನ್ನಾಗಿ ತಿರುಗುತ್ತಿವೆ. ಬೇಕಾದವರು ಸುತ್ತಿಗೆ, ಸ್ಪ್ಯಾನರ್ ಹಿಡಿದುಕೊಂಡೇ ಬನ್ನಿ, ಬಿಚ್ಚಿ ನೋಡಿ, ಆಮೇಲೆ ರೇಟು ಮಾತಾಡೋಣ. ಹಾಯಿ ಮಾತ್ರ ಕೇಳಬೇಡಿ, ಉಗುರಲ್ಲಿ ಎಳೆದರೆ ಹರಿಯುತ್ತದೆ. ಅಕ್ಕ ಆಗಲೇ ಅದನ್ನು ಕಟ್ಟಿಗೆ ರಾಶಿಗೆ ಹೊದಿಸಿದ್ದಾಳೆ.