ಬಿಡುವಿಗೆ ಯಾವುದು: ವೈಜ್ಞಾನಿಕ ಕಾದಂಬರಿಯೋ, ನಗಿಸುವ ಆಟದ ಸಿನಿಮಾವೋ?

ಕೈಯಲ್ಲಿ ಎರಡೇ ಗಂಟೆ ಇದ್ದು, ತಲೆಯೂ ದಣಿದಿದ್ದರೆ ಸುಮ್ನೆ ಸಿನಿಮಾ ಹಾಕಿಕೊಳ್ಳಿ. 1993ರ ‘ಕೂಲ್ ರನ್ನಿಂಗ್ಸ್’ ನೋಡಿ. ಹಿಮದ ಗಂಧವೇ ಇಲ್ಲದ ಜಮೈಕಾದ ನಾಲ್ವರು ಬಾಬ್‌ಸ್ಲೆಡ್ (ಮಂಜುಗಡ್ಡೆಯ ಹಾದಿಯಲ್ಲಿ ಜಾರುವ ಬಂಡಿ) ಓಡಿಸಲು 1988ರ ಚಳಿಗಾಲದ ಒಲಿಂಪಿಕ್ಸ್‌ಗೆ ಹೋಗುವ ಕಥೆ. ಕೊನೆಗೆ ಬಂಡಿ ಮಗುಚುತ್ತದೆ. ಅದನ್ನು ಹೆಗಲ ಮೇಲೆ ಹೊತ್ತು ಗೆರೆ ದಾಟುತ್ತಾರೆ. ಅಷ್ಟು ಹೊತ್ತು ನಕ್ಕವರ ಕಣ್ಣು ಅಲ್ಲಿ ತೇವವಾಗುತ್ತದೆ. ಆಟದ ನಿಯಮ ಗೊತ್ತಿರಬೇಕಿಲ್ಲ, ಮನೆಮಂದಿಯೆಲ್ಲ ಒಟ್ಟಿಗೆ ಕೂತು ನೋಡಬಹುದು.

ಕಾದಂಬರಿ ಹಾಗಲ್ಲ. ಒಬ್ಬರೇ ಓದಬೇಕು, ಸಮಯ ಜಾಸ್ತಿ ಬೇಕು. ಆದರೆ ಅದು ದಿನಗಟ್ಟಲೆ ಜೊತೆಗಿರುತ್ತದೆ. ಆಂಡಿ ವಿಯರ್ ಅವರ ‘ದಿ ಮಾರ್ಷಿಯನ್’ನಲ್ಲಿ ಮಂಗಳ ಗ್ರಹದಲ್ಲಿ ಒಂಟಿಯಾಗಿ ಉಳಿದವನು ಆಲೂಗಡ್ಡೆ ಬೆಳೆಯಲು ಹೊರಡುತ್ತಾನೆ. ಬೆಳೆಗೆ ನೀರು ಬೇಕಲ್ವಾ? ರಾಕೆಟ್ ಇಂಧನದಿಂದ ಹೈಡ್ರೋಜನ್ ಬಿಡಿಸಿ, ಉರಿಸಿ, ನೀರು ಮಾಡುತ್ತಾನೆ. ತನ್ನ ಉಸಿರಿನಿಂದ ಹೊರಬಂದ ಆಮ್ಲಜನಕವನ್ನು ಲೆಕ್ಕಕ್ಕೆ ಹಿಡಿಯದೆ ಒಮ್ಮೆ ಸ್ಫೋಟವೂ ಆಗುತ್ತದೆ. ಓದುತ್ತಾ ನಾವೂ ಅವನ ಜೊತೆ ಲೆಕ್ಕ ಹಾಕುತ್ತಿರುತ್ತೇವೆ. ಆ ಸುಖ ನನಗೆ ಯಾವ ಸಿನಿಮಾದಲ್ಲೂ ಸಿಕ್ಕಿಲ್ಲ.

ಒಂದನ್ನೇ ಆರಿಸು ಅಂದರೆ ನಾನು ಕಾದಂಬರಿಯನ್ನೇ ಹಿಡಿಯುತ್ತೇನೆ. ಓದುವ ಅಭ್ಯಾಸ ತಪ್ಪಿದ್ದರೆ ದಪ್ಪ ಪುಸ್ತಕ ಬೇಡ, ವೈಜ್ಞಾನಿಕ ಸಣ್ಣಕಥೆಗಳಿಂದ ಶುರು ಮಾಡಿ.