ದಹನವೇ, ಹೂಳುವುದೇ: ಆಪ್ತರ ಅಂತ್ಯಕ್ರಿಯೆಯ ಆಯ್ಕೆ

ಅಗಲಿದವರು ತಮ್ಮ ಇಚ್ಛೆಯನ್ನು ಹೇಳಿಹೋಗಿದ್ದರೆ ಅದಕ್ಕೇ ಮೊದಲ ಮನ್ನಣೆ. ಹೇಳದಿದ್ದಾಗ ಮಾತ್ರ ಈ ಹೋಲಿಕೆ ಬೇಕಾಗುತ್ತದೆ. ಆಧುನಿಕ ಚಿತಾಗಾರದ ಸುಮಾರು 800ರಿಂದ 1000 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ದೇಹವು ಕೆಲವೇ ಗಂಟೆಗಳಲ್ಲಿ ದಹಿಸಿ, ಬಹುಮಟ್ಟಿಗೆ ಕ್ಯಾಲ್ಸಿಯಂ ಫಾಸ್ಫೇಟ್ ಆಗಿರುವ 2–3 ಕಿಲೋ ಅಸ್ಥಿ ಮಾತ್ರ ಉಳಿಯುತ್ತದೆ. ಅದನ್ನು ದೂರದೂರದಲ್ಲಿರುವ ಮಕ್ಕಳು ಹಂಚಿಕೊಳ್ಳಬಹುದು, ಎಲ್ಲರೂ ಸೇರುವ ದಿನದವರೆಗೆ ಕಾದಿರಿಸಲೂಬಹುದು. ಎದೆಯಲ್ಲಿ ಪೇಸ್‌ಮೇಕರ್ ಇದ್ದರೆ ಮೊದಲೇ ತಿಳಿಸಿ ತೆಗೆಸಬೇಕು, ಏಕೆಂದರೆ ಅದರ ಬ್ಯಾಟರಿ ಶಾಖಕ್ಕೆ ಸಿಡಿಯಬಹುದು. ಹೂಳುವುದಕ್ಕೆ ನೆಲ ಬೇಕು, ವರ್ಷಗಟ್ಟಲೆ ಅದರ ಆರೈಕೆಯೂ ಬೇಕು. ಆದರೆ ಹೋಗಿ ಕುಳಿತು ಅಳುವುದಕ್ಕೊಂದು ಜಾಗ ಉಳಿಯುತ್ತದೆ, ಅದನ್ನು ನಾನು ಸಣ್ಣ ಸಂಗತಿಯೆಂದು ಎಣಿಸಲಾರೆ. ಸಾವಿನ ಕಾರಣದಲ್ಲಿ ಸಂಶಯವಿದ್ದರೆ ಹೂಳುವುದೇ ಸರಿ: ಹೂತ ದೇಹವನ್ನು ಹೊರತೆಗೆದು ಪರೀಕ್ಷಿಸಲು ಅವಕಾಶವಿರುತ್ತದೆ, ದಹನದ ನಂತರ ಅದಿಲ್ಲ. ಮನೆಯವರಲ್ಲಿ ಒಮ್ಮತ ಮೂಡದಿದ್ದರೆ, ದಹನದ ಬಳಿಕ ಅಸ್ಥಿಯನ್ನು ಮಣ್ಣಿನಲ್ಲಿರಿಸಿ ಗುರುತಿನ ಕಲ್ಲು ನೆಡುವ ದಾರಿಯೂ ಇದೆ.